ದೂರು ಕೊಟ್ಟವನೇ ಅಪರಾಧಿಯೇ?

ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು ಕಾರಿನ ಎಂಜಿನ್ನಿನ ವಿಷಯವಾಗಿ ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು; ಹತ್ತಿಸಿದ್ದು ಸೋದರಮಾವನ ಹಳೆಯ ಟ್ಯಾಕ್ಸಿಯ ಸಂಪಾದನೆ. ಆದುದರಿಂದ ನಾಲ್ಕು ಮಾತು ಹೇಳಲು ನನಗೂ ಹಕ್ಕುಂಟೆಂದು ಭಾವಿಸುತ್ತೇನೆ.

ಇಂದಿನ ಪೆಟ್ರೋಲ್ ಕಾರುಗಳ ಹೊಗೆಕೊಳವೆಯಲ್ಲಿ ಆಕ್ಸಿಜನ್ ಸೆನ್ಸರ್ ಎಂಬ ಸಣ್ಣ ಉಪಕರಣವಿರುತ್ತದೆ. ಬಾಷ್ ಸಂಸ್ಥೆಯು ತಯಾರಿಸಿದ ಇದನ್ನು 1976ರಲ್ಲಿ ವೋಲ್ವೊ ಕಾರುಗಳಲ್ಲಿ ಮೊದಲು ಅಳವಡಿಸಿದರು. ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಸೇರಿದರೆ ದಹನವು ಸಮರ್ಪಕ. ಹೊಗೆಯಲ್ಲಿ ಆಮ್ಲಜನಕ ಹೆಚ್ಚಾಗಿ ಉಳಿದಿದ್ದರೆ ಸಾಮಾನ್ಯ ಸೆನ್ಸರು ಸುಮಾರು 0.1 ವೋಲ್ಟನ್ನೂ, ತೀರ ಕಡಮೆಯಿದ್ದರೆ 0.9 ವೋಲ್ಟನ್ನೂ ಕೊಡುತ್ತದೆ. ಕಾರಿನೊಳಗಿನ ಗಣಕವು ಅದನ್ನು ನೋಡಿ ಪೆಟ್ರೋಲನ್ನು ಹೆಚ್ಚುಕಡಮೆ ಮಾಡುತ್ತದೆ. ಲೆಕ್ಕ ತಪ್ಪಿದರೆ ಎಚ್ಚರಿಕೆಯ ದೀಪ ಹೊತ್ತಿ, ಗಣಕದ ನೆನಪಿನಲ್ಲೊಂದು ಸಂಕೇತ ಉಳಿಯುತ್ತದೆ. ಪಿ0131 ಎಂದರೆ ಮೊದಲ ಸೆನ್ಸರಿನ ವೋಲ್ಟು ಕಡಮೆ. ಪಿ0133 ಎಂದರೆ ಅದರ ಪ್ರತಿಕ್ರಿಯೆ ನಿಧಾನ. ಪಿ0135 ಎಂದರೆ ಅದನ್ನು ಕಾಯಿಸುವ ಹೀಟರಿನ ವಿದ್ಯುತ್ ಮಾರ್ಗದಲ್ಲಿ ದೋಷ.

ಅನೇಕ ಗ್ಯಾರೇಜುಗಳಲ್ಲಿ ಸ್ಕ್ಯಾನರು ಸಿಕ್ಕಿಸಿ ಸಂಕೇತ ಓದಿದೊಡನೆ, “ಸೆನ್ಸರು ಹೋಗಿದೆ, ಹೊಸದು ಹಾಕಿಸಿ” ಎಂಬ ಅಪ್ಪಣೆ ಹೊರಡುತ್ತದೆ. ಸಂಕೇತವು ಹೇಳಿದ್ದು ವೋಲ್ಟು ಕಡಮೆಯೆಂದು ಮಾತ್ರ. ಅದಕ್ಕೆ ಸೆನ್ಸರಿನ ಮುಪ್ಪು ಕಾರಣವಿರಬಹುದು. ಬಿಸಿ ಕೊಳವೆಗೆ ತಗುಲಿ ಸುಟ್ಟ ವೈರಿರಬಹುದು. ಪೆಟ್ರೋಲಿನ ಒತ್ತಡ ಸಾಲದೆ ಹೋಗಿರಬಹುದು. ಪ್ಲಗ್ಗು ಸರಿಯಾಗಿ ಕಿಡಿ ಹೊಡೆಯದೆ ಉರಿಯದ ಆಮ್ಲಜನಕ ಹಾಗೆಯೇ ಹೊರಬಿದ್ದಿರಬಹುದು. ಈ ಕೊನೆಯ ಎರಡರಲ್ಲಿ ಸೆನ್ಸರು ನಿಜವನ್ನೇ ಹೇಳುತ್ತಿದೆ. ನಾವು ಸಾಕ್ಷಿಯನ್ನೇ ದಂಡಿಸುತ್ತಿದ್ದೇವೆ.

ಮಾವನ ಟ್ಯಾಕ್ಸಿಗೆ ಕಳೆದ ವರ್ಷ ಆದದ್ದೂ ಇದೇ. ಪಿ0131 ಕಂಡೊಡನೆ ಒಂದು ಗ್ಯಾರೇಜಿನವರು ಹೊಸ ಸೆನ್ಸರು ಹಾಕಿ ನಾಲ್ಕೂವರೆ ಸಾವಿರ ರೂಪಾಯಿ ತೆಗೆದುಕೊಂಡರು. ವಾರದೊಳಗೆ ದೀಪ ಮತ್ತೆ ಹೊತ್ತಿತು. ಬೇರೊಬ್ಬ ಮೆಕ್ಯಾನಿಕ್, ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿಸಿ ಕಿವಿಗೊಟ್ಟು ಕೇಳಿದರು. ಸೆನ್ಸರಿಗಿಂತ ಮುಂಚಿನ ಕೊಳವೆಯ ಕೂಡಿಕೆಯಲ್ಲಿ ಟಿಕ್‌ಟಿಕ್ ಸದ್ದು, ಸುತ್ತ ಕಪ್ಪು ಮಸಿ. ಅಲ್ಲಿಂದ ಹೊರಗಿನ ಗಾಳಿ ನುಗ್ಗುತ್ತಿತ್ತು. ಗ್ಯಾಸ್ಕೆಟ್ ಬದಲಾಯಿಸಿದ ಮೇಲೆ ದೀಪ ಮತ್ತೆ ಹೊತ್ತಲಿಲ್ಲ.

ಮೆಕ್ಯಾನಿಕ್ಕರ ಪಕ್ಷದಲ್ಲಿಯೂ ನ್ಯಾಯವುಂಟು. ಹೊಸ ಸಾಮಾನಿಗೆ ಮರುಮಾತಿಲ್ಲದೆ ಹಣ ಕೊಡುವ ನಾವು, ಒಂದು ಗಂಟೆ ಕುಳಿತು ಹುಡುಕಿದವರಿಗೆ ಕೂಲಿ ಕೊಡುವಾಗ ಚೌಕಾಶಿ ಮಾಡುತ್ತೇವೆ. “ನೋಡಿದ್ದಕ್ಕೂ ದುಡ್ಡೇ?” ಎಂದು ಕೇಳುತ್ತೇವೆ. ಹೀಗಿರುವಾಗ ಹುಡುಕುವ ಉತ್ಸಾಹ ಯಾರಿಗೆ ಉಳಿದೀತು?

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಮೊದಲು ಫ್ಯೂಸು, ವೈರು, ಕೂಡಿಕೆಗಳನ್ನು ನೋಡಬೇಕು. ಬಳಿಕ ಎಂಜಿನ್ ಬಿಸಿಯಾದಾಗ ವೋಲ್ಟು ಮೇಲೆ ಕೆಳಗೆ ಚುರುಕಾಗಿ ಆಡುತ್ತಿದೆಯೇ ಎಂದು ಸ್ಕ್ಯಾನರಿನಲ್ಲಿ ಗಮನಿಸಬೇಕು. ಸೆನ್ಸರಿನ ಬದಲಾವಣೆ ಕಟ್ಟಕಡೆಯ ಮಾತು. ಗಿರಾಕಿಯೂ “ಏನೇನು ಪರೀಕ್ಷಿಸಿದಿರಿ?” ಎಂದು ವಿನಯದಿಂದ ಕೇಳಿ, ಆ ಪರೀಕ್ಷೆಯ ಕೂಲಿಯನ್ನು ಸಂತೋಷದಿಂದ ಕೊಡಬೇಕು.

ಶಾಸನವೊಂದು ಸಿಕ್ಕಿದೊಡನೆ ಅದರ ಮಾತನ್ನೆಲ್ಲ ನಂಬದೆ, ಬೇರೆ ಆಧಾರಗಳೊಡನೆ ತಾಳೆ ನೋಡಬೇಕೆಂದು ನಮ್ಮ ಇತಿಹಾಸದ ಅಧ್ಯಾಪಕರು ಹೇಳಿಕೊಡುತ್ತಾರೆ. ಸಹಪಾಠಿಗಳೇ, ಆ ಪಾಠವನ್ನು ಗ್ಯಾರೇಜಿನ ಬಾಗಿಲಿಗೂ ಕೊಂಡೊಯ್ದರೆ ನಮ್ಮ ಮನೆಯವರ ನಾಲ್ಕು ಕಾಸು ಉಳಿದೀತು.