ನರ್ಸಿಗೆ ನಮ್ಮ ದಾರಿ ತೋರಿಸಬೇಡಿ

"ಸರ್ರ, ಇನ್ನ ಎಷ್ಟ ದಿನಾ ಉಳದಾವ?"

ಸೂರತ್‌ನ ಪಾಂಡೇಸರಾದ ಡೈಯಿಂಗ್ ಮಿಲ್ಲೊಂದರಲ್ಲಿ ಸೂಪರ್‌ವೈಸರ್ ಆಗಿರುವ ಗದಗ ಕಡೆಯ ಹಿರಿಯರೊಬ್ಬರು ಎರಡು ತಿಂಗಳಿಂದ ಪ್ರತಿ ಭಾನುವಾರ ಫೋನ್ ಮಾಡಿ ನನ್ನನ್ನು ಕೇಳುವ ಪ್ರಶ್ನೆ ಇದು. ಮೊನ್ನೆ ನಾನು ಕೊಟ್ಟ ಉತ್ತರ: ಇಪ್ಪತ್ತೊಂಬತ್ತು. ಅವರ ಮಗಳು ಅಮೆರಿಕದಲ್ಲಿದ್ದಾಳೆ. ಇನ್ನು ಇಪ್ಪತ್ತೊಂಬತ್ತು ದಿನಗಳೊಳಗೆ ಅವಳಿಗೆ ಕೆಲಸ ಸಿಗದಿದ್ದರೆ ಅಲ್ಲಿ ಉಳಿಯುವ ಹಕ್ಕು ಹೋಗುತ್ತದೆ. ಇಲ್ಲಿ ಉಧನಾದ ಎರಡು ಕೋಣೆಯ ಫ್ಲಾಟು ನಲವತ್ತು ಲಕ್ಷದ ಸಾಲಕ್ಕೆ ಅಡವಾಗಿ ಕೂತಿದೆ. ಅವಳನ್ನು ಆ ದಾರಿಗೆ ಹಚ್ಚಿದವರಲ್ಲಿ ನಾನೂ ಒಬ್ಬ. ಹಾಗಾಗಿ ಈ ಲೇಖನದಲ್ಲಿ ಬೈಗುಳ ಯಾರಿಗಾದರೂ ಇದ್ದರೆ ಮೊದಲ ಪಾಲು ನನ್ನದೇ.

ಹುಡುಗಿ ಹುಟ್ಟಿ ಬೆಳೆದದ್ದು ಸೂರತ್‌ನಲ್ಲಿ. ಬಿ.ಎಸ್ಸಿ. ನರ್ಸಿಂಗ್ ಓದಿದ್ದು ಕರ್ನಾಟಕದಲ್ಲಿ. ಆಮೇಲೆ ವಡೋದರಾದ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಎರಡು ವರ್ಷ ದುಡಿದಳು. ಸಂಬಳ ತಿಂಗಳಿಗೆ ಹದಿನೇಳು ಸಾವಿರ. ನಾನಿರುವುದೂ ವಡೋದರಾದಲ್ಲೇ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಅವಳ ಅಪ್ಪ ನನ್ನ ಪಕ್ಕ ಕೂತು, "ಮುಂದ ಏನ ಮಾಡಸೋಣ ಸರ್?" ಎಂದು ಕೇಳಿದರು. ನಾನು ಎಂ.ಟೆಕ್. ಓದಿದವನು, ನನ್ನ ಟೀಮಿನ ಅರ್ಧ ಡಜನ್ ಹುಡುಗರು ಅಮೆರಿಕಕ್ಕೆ ಹೋಗಿ ನೆಲೆ ನಿಂತಿದ್ದಾರೆ. ಹೋಳಿಗೆ ಮುರಿಯುತ್ತಾ ಹೇಳಿಬಿಟ್ಟೆ: "ಯಾವುದಾದರೂ ಮಾಸ್ಟರ್ಸ್‌ಗೆ ಕಳಿಸಿ. ಒಮ್ಮೆ ಹೋದರೆ ಆಮೇಲೆ ಎಲ್ಲ ತಾನಾಗಿ ಆಗುತ್ತೆ." ಅಲ್ಲಿದ್ದ ಇನ್ನೂ ಮೂವರು ಐಟಿಯವರು ತಲೆಯಾಡಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ನಾವು.

ಅಲ್ಲಿಂದ ಮುಂದಿನದನ್ನು ಒಬ್ಬ ಕನ್ಸಲ್ಟೆಂಟ್ ನೋಡಿಕೊಂಡ. ನರ್ಸಿಂಗ್‌ನಲ್ಲೇ ಮಾಸ್ಟರ್ಸ್ ಮಾಡಬೇಕೆಂದರೆ ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಮೊದಲೇ ಅಮೆರಿಕದ ನರ್ಸಿಂಗ್ ಲೈಸೆನ್ಸ್ ಕೇಳುತ್ತವೆ. ಅದು ಅವಳ ಬಳಿ ಇರಲಿಲ್ಲ. ಸುಲಭಕ್ಕೆ ಸೀಟು ಸಿಗುವ ಹೆಲ್ತ್‌ಕೇರ್ ಅಡ್ಮಿನಿಸ್ಟ್ರೇಷನ್‌ಗೆ ಅವನು ಸೇರಿಸಿದ. "ಹೆಲ್ತ್‌ಕೇರ್ ಅಂದ್ರೆ ನರ್ಸಿಂಗೇ ಅಲ್ವಾ" ಎಂದು ನಾವೂ ಅಂದುಕೊಂಡೆವು.

ಅಲ್ಲ. ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಅನುಮತಿಯ ಹೆಸರು ಓಪಿಟಿ. ಅವಧಿ 12 ತಿಂಗಳು. ಕೆಲಸ ಓದಿದ ವಿಷಯಕ್ಕೇ ನೇರವಾಗಿ ಸಂಬಂಧಪಟ್ಟಿರಬೇಕು. ಆಡಳಿತ ಓದಿದವಳು ವಾರ್ಡಿನಲ್ಲಿ ನರ್ಸ್ ಆಗುತ್ತೇನೆಂದರೆ ಆ ಸಂಬಂಧ ತೋರಿಸುವುದು ಕಷ್ಟ. ಈ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ನಿರುದ್ಯೋಗಿಯಾಗಿ ಇರುವಂತಿಲ್ಲ. ಅಪ್ಪ ಮಗಳಿಬ್ಬರೂ ಎಣಿಸುತ್ತಿರುವುದು ಈ 90 ದಿನಗಳನ್ನು.

ನರ್ಸಿಂಗ್ ಪದವಿಯನ್ನೇ ಅಲ್ಲಿ ಓದಿದ್ದರೆ? ಆಗಲೂ ಅವಳ ಕೈಗೆ ಸಿಗುತ್ತಿದ್ದದ್ದು ಇದೇ 12 ತಿಂಗಳು. ನನ್ನ ಟೀಮಿನಿಂದ ಹೋಗಿ ಕಂಪ್ಯೂಟರ್ ಸೈನ್ಸ್ ಓದಿದ ಹುಡುಗನಿಗೆ ಸಿಕ್ಕಿದ್ದು 36 ತಿಂಗಳು. ಕಾರಣ ಸ್ಟೆಮ್ ಪಟ್ಟಿ. 2008ರಲ್ಲಿ ಅಮೆರಿಕ ಸರ್ಕಾರ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ ಓಪಿಟಿಯನ್ನು 17 ತಿಂಗಳು ಹೆಚ್ಚಿಸಿತು, 2016ರಲ್ಲಿ ಆ ಹೆಚ್ಚುವರಿಯನ್ನು 24 ತಿಂಗಳಿಗೆ ಏರಿಸಿತು. ಆ ಪಟ್ಟಿಯಲ್ಲಿ ಇಕಾನಾಮೆಟ್ರಿಕ್ಸ್ ಇದೆ, ಡಿಜಿಟಲ್ ಮಲ್ಟಿಮೀಡಿಯಾ ಇದೆ. ಸಾಮಾನ್ಯ ನರ್ಸಿಂಗ್ ಪದವಿ ಇಲ್ಲ. ಔಷಧದ ಡೋಸ್ ಲೆಕ್ಕ ಹಾಕುವವಳು, ವೆಂಟಿಲೇಟರ್ ಅಲಾರಂ ಓದುವವಳು ಆ ಪಟ್ಟಿಯ ಕಣ್ಣಿಗೆ ತಂತ್ರಜ್ಞಾನದವಳಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಬಟನ್ನಿನ ಬಣ್ಣ ಬದಲಾಯಿಸುವ ನಾವು ತಂತ್ರಜ್ಞರು!

ಆ 12 ತಿಂಗಳಲ್ಲಿ ನರ್ಸಿಂಗ್ ಪದವೀಧರೆ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸು ಮಾಡಬೇಕು, ರಾಜ್ಯದ ನರ್ಸಿಂಗ್ ಬೋರ್ಡಿನಿಂದ ಲೈಸೆನ್ಸ್ ಪಡೆಯಬೇಕು. ಕೆಲವು ರಾಜ್ಯಗಳು ಲೈಸೆನ್ಸಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೇಳುತ್ತವೆ. ಕೆಲಸದ ಅನುಮತಿ ಇಲ್ಲದ ವಿದ್ಯಾರ್ಥಿಗೆ ಆ ನಂಬರ್ ಸಿಗುವುದಿಲ್ಲ. ಅನುಮತಿ ಬಂದ ಮೇಲೆ ನಂಬರ್, ನಂಬರ್ ಬಂದ ಮೇಲೆ ಲೈಸೆನ್ಸ್, ಲೈಸೆನ್ಸ್ ಬಂದ ಮೇಲೆ ಕೆಲಸ. ಓಪಿಟಿ ಶುರುವಾದ ದಿನದಿಂದಲೇ 90 ದಿನದ ಗಡಿಯಾರ ಓಡುತ್ತಿರುತ್ತದೆ.

ಕೆಲಸ ಸಿಕ್ಕಿತು ಅಂದುಕೊಳ್ಳೋಣ. ವರ್ಷ ಮುಗಿದ ಮೇಲೆ? ನಮ್ಮ ಹುಡುಗರು ಹತ್ತುವ ಏಣಿ ಎಚ್-1ಬಿ. ಆ ವೀಸಾಕ್ಕೆ, ಆ ಹುದ್ದೆಗೆ ಕನಿಷ್ಠ ಪದವಿ ಬೇಕೇ ಬೇಕು ಎಂದು ತೋರಿಸಬೇಕು. ಅಮೆರಿಕದಲ್ಲಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಮಾಡಿದವರೂ ನೋಂದಾಯಿತ ನರ್ಸ್ ಆಗಬಹುದು. ಹಾಗಾಗಿ ವಾರ್ಡಿನ ಸಾಮಾನ್ಯ ನರ್ಸ್ ಹುದ್ದೆ ಬಹುಪಾಲು ಆ ವೀಸಾಕ್ಕೆ ಅರ್ಹವಾಗುವುದಿಲ್ಲ. ನಿಮ್ಮ ಕೈಯಲ್ಲಿ ನಾಲ್ಕು ವರ್ಷದ ಡಿಗ್ರಿ ಇದ್ದರೂ ಅಷ್ಟೇ, ಅವರು ನೋಡುವುದು ಹುದ್ದೆಯನ್ನು. ಅದರ ಮೇಲೆ 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕದ ಘೋಷಣೆ ಬಂತು. ನಮ್ಮ ಗುಂಪುಗಳಲ್ಲಿ ಅಂದು ಎದ್ದ ಗೋಳು ನೆನಪಿದೆಯಲ್ಲ? ನಮ್ಮ ಬಾಗಿಲು ಕಿರಿದಾಯಿತೆಂದು ನಾವು ಅತ್ತೆವು. ನರ್ಸ್‌ಗಳಿಗೆ ಆ ಬಾಗಿಲು ತೆರೆದೇ ಇರಲಿಲ್ಲ.

ಹಿಂದೆ ಅವರಿಗೆಂದೇ ಬೇರೆ ಬಾಗಿಲುಗಳಿದ್ದವು. ನರ್ಸ್‌ಗಳ ಕೊರತೆ ನೀಗಿಸಲು 1989ರ ಕಾನೂನಿನಿಂದ ಎಚ್-1ಎ ವೀಸಾ ಬಂತು, 1995ರಲ್ಲಿ ಮುಗಿಯಿತು. ಆಮೇಲೆ 1999ರ ಕಾನೂನಿನಿಂದ ಎಚ್-1ಸಿ ಬಂತು. ಇಡೀ ದೇಶಕ್ಕೆ ವರ್ಷಕ್ಕೆ ಬರೀ 500. ಅದೂ 2009ರ ಕೊನೆಗೆ ನಿಂತಿತು. ಕೋವಿಡ್ ಬಂದು ನರ್ಸ್‌ಗಳಿಗೆ ಎಲ್ಲರೂ ಚಪ್ಪಾಳೆ ತಟ್ಟಿದ 2020ರಲ್ಲಿ, ಬಳಕೆಯಾಗದೆ ಉಳಿದ ವೀಸಾಗಳಲ್ಲಿ 25,000 ನರ್ಸ್‌ಗಳಿಗೆ ಕೊಡೋಣ ಎಂಬ ಮಸೂದೆ ಅಮೆರಿಕದ ಸಂಸತ್ತಿಗೆ ಬಂತು. ಪಾಸಾಗಲಿಲ್ಲ. ಮತ್ತೆ ಮಂಡಿಸಿದರು, ಆಗಲೂ ಇಲ್ಲ.

ಉಳಿದದ್ದು ಗ್ರೀನ್ ಕಾರ್ಡ್. ಇಲ್ಲಿ ಕಾಗದದ ಮೇಲೆ ನರ್ಸ್‌ಗೆ ಒಂದು ರಿಯಾಯಿತಿ ಇದೆ. ಅವರ ಕಾರ್ಮಿಕ ಇಲಾಖೆಯ 'ಶೆಡ್ಯೂಲ್ ಎ' ಪಟ್ಟಿಯಲ್ಲಿ ನರ್ಸ್ ಇದ್ದಾಳೆ. ಅಂದರೆ ಈ ಕೆಲಸಕ್ಕೆ ಅಮೆರಿಕದವರು ಸಾಲದು ಎಂದು ಸರ್ಕಾರ ಮೊದಲೇ ಒಪ್ಪಿದೆ. ಆಸ್ಪತ್ರೆ ಮತ್ತೆ ಜಾಹೀರಾತು ಕೊಟ್ಟು ಸಾಬೀತು ಮಾಡಬೇಕಿಲ್ಲ. ಆದರೆ ಅವಳು ನಿಲ್ಲಬೇಕಾದ ಸಾಲು ಇಬಿ-3. ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡಾ 7ರ ಮಿತಿ. 2025ರಲ್ಲಿ ಆ ಸಾಲಿನ ಭಾರತೀಯರಲ್ಲಿ ಸರದಿ ಬರುತ್ತಿದ್ದದ್ದು 2013ರಲ್ಲಿ ಅರ್ಜಿ ಹಾಕಿದವರಿಗೆ. ಹನ್ನೆರಡು ವರ್ಷ! ಫಿಲಿಪ್ಪೀನ್ಸ್‌ನ ನರ್ಸ್ ಅದಕ್ಕಿಂತ ಎಷ್ಟೋ ಬೇಗ ಹೋಗಿ ಸೇರುತ್ತಾಳೆ.

ಈಗ ಕೇಳಿ: ಭಾರತೀಯರ ಆ ಸಾಲನ್ನು ತುಂಬಿರುವವರು ಯಾರು? ಬಹುಪಾಲು ನಾವೇ, ಸಾಫ್ಟ್‌ವೇರ್‌ನವರು. ಇಬಿ-2ರಲ್ಲಿ ನಿಂತು ಬೇಸತ್ತ ನಮ್ಮವರು 2020ರ ಅಕ್ಟೋಬರ್‌ನಲ್ಲಿ ಇಬಿ-3 ಸ್ವಲ್ಪ ಮುಂದೆ ಹೋಯಿತೆಂದು ಗೊತ್ತಾದ ಕೂಡಲೇ ದಂಡುಗಟ್ಟಿ ಅಲ್ಲಿಗೆ ಜಿಗಿದರು. ಕಾನೂನಿನ ಪ್ರಕಾರ ತಪ್ಪಲ್ಲ. ನಾನಿದ್ದರೂ ಜಿಗಿಯುತ್ತಿದ್ದೆ. ಆದರೆ ನರ್ಸಿನ ಅಪ್ಪನ ಮುಂದೆ ಕೂತು ಅಮೆರಿಕದ ದಾರಿ ಹೇಳುವಾಗ, ಆ ದಾರಿಗೆ ಅಡ್ಡ ನಿಂತಿರುವ ಗುಂಪು ನಮ್ಮದೇ ಎಂಬುದು ನೆನಪಿರಬೇಕಿತ್ತು.

"ಅಮೆರಿಕ ಅವರ ದೇಶ, ಅವರಿಗೆ ಬೇಕಾದವರನ್ನು ಕರೆದುಕೊಳ್ಳುತ್ತಾರೆ" ಎಂದು ನೀವು ಹೇಳಬಹುದು. ಒಪ್ಪಿದೆ. ಆ ಪಟ್ಟಿಯನ್ನು ತಿದ್ದಲು ನನಗಾಗಲೀ ನಿಮಗಾಗಲೀ ಅಲ್ಲಿ ವೋಟಿಲ್ಲ. ನನ್ನ ಜಗಳ ಅವರ ಜೊತೆಗಲ್ಲ, ಇಲ್ಲಿ ಆ ದಾರಿಯನ್ನು ಮಾರುವವರ ಜೊತೆ. ದುಡ್ಡು ತೆಗೆದುಕೊಂಡು ಮಾರುವವರು ಕೆಲವರು, ಪುಕ್ಕಟೆಯಾಗಿ ಮಾರುವ ನನ್ನಂಥವರು ಹಲವರು.

ಗುಜರಾತಿನಲ್ಲಿ ಇರುವ ನಮಗೆ ಈ ವ್ಯಾಪಾರ ಹೊಸತಲ್ಲ. 2022ರ ಜನವರಿಯಲ್ಲಿ ಗಾಂಧಿನಗರ ಜಿಲ್ಲೆಯ ಡಿಂಗುಚಾದ ನಾಲ್ಕು ಜನರ ಕುಟುಂಬ ಕೆನಡಾ ಗಡಿಯ ಹಿಮದಲ್ಲಿ ಹೆಪ್ಪುಗಟ್ಟಿ ಸತ್ತಿತು. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರಕ್ಕೆ ತಂದಿಳಿಸಿತು. ಅವರಲ್ಲಿ 33 ಮಂದಿ ಗುಜರಾತಿನವರು. ಅದು ಅಕ್ರಮ ದಾರಿ. ನಮ್ಮ ಹುಡುಗಿ ಹೋದದ್ದು ಪಕ್ಕಾ ಕಾನೂನಿನ ದಾರಿ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ಎರಡೂ ಅಂಗಡಿಗಳಲ್ಲಿ ಗಿರಾಕಿಗೆ ಹೇಳುವ ಮಾತು ಒಂದೇ: "ಮೊದಲು ತಲುಪಿ, ಆಮೇಲೆ ನೋಡೋಣ." ಹೋಳಿಗೆ ಮುರಿಯುತ್ತಾ ನಾನು ಹೇಳಿದ್ದೂ ಅದನ್ನೇ.

ನಮ್ಮ ಸರ್ಕಾರದ ಕಣ್ಣಿಗೂ ಈ ಹುಡುಗಿಯರು ಬೀಳುವುದಿಲ್ಲ. 1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟ್ ನೋಂದಣಿ ಮಾಡಿಸಿರಬೇಕು. ಕುವೈತ್‌ನಂಥ ದೇಶಗಳಿಗೆ ನರ್ಸ್‌ಗಳನ್ನು ಕಳಿಸುವಾಗ ನಡೆದ ಸುಲಿಗೆ ಬಯಲಾದ ಮೇಲೆ, 2015ರಲ್ಲಿ ಆ ನೇಮಕಾತಿಯನ್ನು ಸರ್ಕಾರಿ ಸಂಸ್ಥೆಗಳ ಮೂಲಕವೇ ಮಾಡಬೇಕೆಂಬ ಆದೇಶ ಬಂತು. ಅದೇ ನರ್ಸನ್ನು 'ವಿದ್ಯಾರ್ಥಿ' ಎಂಬ ಹೆಸರಿನಲ್ಲಿ ಕಳಿಸಿದರೆ ಆ ಕಾಯ್ದೆಗೆ ಕೆಲಸವಿಲ್ಲ. ವೀಸಾ ಸಂದರ್ಶನಕ್ಕೆ ಮುಂಬೈಗೆ ಹೋಗುವ ಮೊದಲು ಕನ್ಸಲ್ಟೆಂಟ್ ಅವಳಿಗೆ ಬಾಯಿಪಾಠ ಮಾಡಿಸಿದ್ದ: "ಓದಿ ವಾಪಸ್ ಬರುತ್ತೇನೆ ಅನ್ನು." ಅಪ್ಪನಿಗೆ ಹೇಳಿದ್ದು: "ಅಲ್ಲೇ ಸೆಟ್ಲ್ ಆಗ್ತಾಳೆ." ಎರಡು ಮಾತಿಗೂ ಸೇರಿಸಿ ಒಂದೇ ಫೀಸು.

ಹಾಗಾದರೆ ಅವಳು ಇಲ್ಲೇ ಇರಬೇಕಿತ್ತೇ? ಹದಿನೇಳು ಸಾವಿರಕ್ಕೆ? ಖಾಸಗಿ ಆಸ್ಪತ್ರೆಗಳ ನರ್ಸ್ ಸಂಬಳದ ಬಗ್ಗೆ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಆದೇಶವಾಗಿ, ಕೇಂದ್ರದ ಸಮಿತಿಯೊಂದು ಶಿಫಾರಸು ಮಾಡಿತು: 50 ಹಾಸಿಗೆಯೊಳಗಿನ ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ 20,000ಕ್ಕೆ ಕಡಿಮೆ ಇರಬಾರದು, 200 ಹಾಸಿಗೆ ಮೀರಿದರೆ ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಬೇಕು. ಇಷ್ಟು ವರ್ಷಗಳ ನಂತರವೂ ಅವಳ ಪಗಾರ ಆ ಸಣ್ಣ ಆಸ್ಪತ್ರೆಯ ಮಟ್ಟವನ್ನೂ ಮುಟ್ಟಿರಲಿಲ್ಲ. ಅವಳನ್ನು ವಿಮಾನ ಹತ್ತಿಸಿದ್ದು ದುರಾಸೆಯಲ್ಲ. ಅತ್ತ ದರಿ, ಇತ್ತ ಪುಲಿ.

ಹೋಗುವುದಾದರೆ ನರ್ಸ್ ನರ್ಸಾಗಿಯೇ ಹೋಗಬೇಕು. ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರು, ಮುಂಬೈಗಳಲ್ಲೇ ಬರೆಯಬಹುದು. ಶುಲ್ಕ 200 ಡಾಲರ್, ಅಮೆರಿಕದ ಹೊರಗೆ ಬರೆದರೆ ಇನ್ನೂ 150. ಆಮೇಲೆ ಆಸ್ಪತ್ರೆ ತಾನೇ ಅರ್ಜಿ ಹಾಕಿದರೆ ಇಬಿ-3 ಸಾಲಿನಲ್ಲಿ ಜಾಗ ಹಿಡಿದುಕೊಂಡು, ಸರದಿ ಬರುವವರೆಗೆ ಬೇರೆಲ್ಲಾದರೂ ನರ್ಸ್ ಆಗಿಯೇ ದುಡಿಯಬಹುದು. ಬ್ರಿಟನ್, ಐರ್ಲೆಂಡ್, ಜರ್ಮನಿ ನರ್ಸ್‌ಗಳನ್ನು ಕೆಲಸಗಾರರಾಗಿಯೇ ಕರೆಯುತ್ತವೆ. ಅಲ್ಲೂ ಪರೀಕ್ಷೆ ಇದೆ, ಜರ್ಮನಿಗೆ ಭಾಷೆ ಕಲಿಯಬೇಕು. ಆದರೆ ಯಾರ ಫ್ಲಾಟೂ ಅಡವಿಡಬೇಕಿಲ್ಲ. ಕೇರಳದ ಅಪ್ಪಂದಿರು ಇದನ್ನು ಕೇಳಲು ಸರ್ಕಾರದ್ದೇ ನೋರ್ಕಾ, ಒಡೆಪೆಕ್ ಕಚೇರಿಗಳಿಗೆ ಹೋಗಬಹುದು. ನಮ್ಮ ಅಪ್ಪಂದಿರು ಬರುವುದು ಸಂಘದ ಊಟದ ಸಾಲಿನಲ್ಲಿ ಪಕ್ಕಕ್ಕೆ ಕೂತ ಐಟಿಯವನ ಬಳಿಗೆ.

ಆದ್ದರಿಂದ ಅಹಮದಾಬಾದ್, ವಡೋದರಾ, ಸೂರತ್‌ನ ನಮ್ಮ ಸಂಘಗಳಿಗೆ ನನ್ನದೊಂದು ಬೇಡಿಕೆ. ವರ್ಷಕ್ಕೊಮ್ಮೆ 'ವಿದೇಶ ವ್ಯಾಸಂಗ ಮಾರ್ಗದರ್ಶನ' ಎಂದು ನನ್ನಂಥವರಿಗೆ ಮೈಕ್ ಕೊಡುವುದನ್ನು ನಿಲ್ಲಿಸಿ. ಕೊಡುವುದಾದರೆ, ಪರೀಕ್ಷೆ ಬರೆದು ಹೋಗಿ ದುಡಿಯುತ್ತಿರುವ ಒಬ್ಬ ನರ್ಸಿಗೆ ಕೊಡಿ. ಮತ್ತು ಐಟಿಯ ಗೆಳೆಯರೇ, ಮುಂದಿನ ರಾಜ್ಯೋತ್ಸವದಲ್ಲಿ ಯಾರಾದರೂ ಪಕ್ಕ ಕೂತು ಮಗಳ ಬಗ್ಗೆ ಕೇಳಿದರೆ, "ನನಗೆ ಗೊತ್ತಿಲ್ಲ, ಗೊತ್ತಿರುವವರನ್ನು ಹುಡುಕೋಣ" ಎನ್ನಿ. ಅಂದು ನಾನು ಅಷ್ಟು ಹೇಳಿದ್ದರೆ ಸಾಕಿತ್ತು.

ಹುಡುಗಿ ದಿನಕ್ಕೆ ನಲವತ್ತು ಅರ್ಜಿ ಹಾಕುತ್ತಿದ್ದಾಳೆ. ಮೊನ್ನೆ ರಾತ್ರಿ ಅವಳೇ ಫೋನ್ ಮಾಡಿದ್ದಳು. "ಅಂಕಲ್, ಪಕ್ಕದ ಮನೆ ಅಜ್ಜಿ ಬಿದ್ದುಬಿಟ್ಟಿದ್ರು. ಆಂಬ್ಯುಲೆನ್ಸ್ ಬರೋ ತನಕ ನಾನೇ ನೋಡ್ಕೊಂಡೆ. ಎರಡು ವರ್ಷ ಆದ ಮೇಲೆ ಒಬ್ಬ ಪೇಷಂಟ್ ಕೈ ಹಿಡಿದೆ" ಎಂದಳು. ಅವಳ ದನಿಯಲ್ಲಿ ಖುಷಿಯಿತ್ತು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಈ ಭಾನುವಾರ ಅವಳ ಅಪ್ಪ ಫೋನ್ ಮಾಡಿದರೆ ನಾನು ಹೇಳಬೇಕಾದ ಸಂಖ್ಯೆ ಇಪ್ಪತ್ತೆರಡು.