ತಳಿಶುದ್ಧಿಯ ಮಾತು ಮತ್ತು ಬ್ರಿಟನ್ನಿನ ದನಗಳು

ನಾಡತಳಿಯ ದನಗಳ ವಿಷಯ ಬಂದಾಗಲೆಲ್ಲ ನಮ್ಮಲ್ಲಿ ಎರಡು ವಾದಗಳು ಕೇಳಿಬರುತ್ತವೆ. ತಳಿಯ ಶುದ್ಧಿ ಅನಾದಿಯಿಂದ ಬಂದದ್ದು, ಅದು ಕೆಡಬಾರದು ಎಂಬುದು ಒಂದು. ಹಾಲು ಕಡಿಮೆ ಕೊಡುವ ಹಸುವನ್ನು ಸಾಕಿ ಪ್ರಯೋಜನವೇನು ಎಂಬುದು ಇನ್ನೊಂದು. ಇವೆರಡನ್ನೂ ಬ್ರಿಟನ್ನಿನ ದನಗಳ ಚರಿತ್ರೆಯ ಬೆಳಕಿನಲ್ಲಿ ಪರೀಕ್ಷಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ತಳಿಯೆಂಬ ಕಲ್ಪನೆಯನ್ನು ಪುಸ್ತಕಕ್ಕೆ ಇಳಿಸಿದ ದೇಶವದು.

ಹದಿನೆಂಟನೆಯ ಶತಮಾನದವರೆಗೆ ಅಲ್ಲಿಯ ದನಗಳನ್ನು ಗುರುತಿಸುತ್ತಿದ್ದುದು ಅವುಗಳ ಸೀಮೆಯಿಂದ. ಸ್ಕಾಟ್ಲೆಂಡಿನ ಮಲೆನಾಡಿನ ಹೈಲೆಂಡ್ ದನಕ್ಕೆ ಎರಡು ಪದರದ ಕೂದಲು; ಮೇಲಿನ ಉದ್ದ ಕೂದಲು ಮಳೆಯನ್ನು ಜಾರಿಸಿದರೆ ಒಳಗಿನ ಮೃದು ಕೂದಲು ಚಳಿಯನ್ನು ತಡೆಯುತ್ತದೆ. ಡೆವನ್ನಿನ ಕೆಂಪು ಎತ್ತುಗಳು ಉಳುಮೆಗೆ ಹೆಸರಾಗಿದ್ದವು. ಸಫೊಕ್‌ನ ಕೊಂಬಿಲ್ಲದ ಹಸುಗಳು ಹಾಲಿಗೆ ಪ್ರಸಿದ್ಧವಾಗಿದ್ದವು. ನೆಲ, ಹವೆ, ಮೇವು ಮತ್ತು ರೈತನ ಅಗತ್ಯ ಇವೇ ಆ ದನಗಳನ್ನು ರೂಪಿಸಿದ್ದವು.

ಪಟ್ಟಣಗಳು ಬೆಳೆದು ಮಾಂಸದ ಬೇಡಿಕೆ ಏರಿದಾಗ ಈ ಸ್ಥಿತಿ ಬದಲಾಯಿತು. ಲೆಸ್ಟರ್‌ಶೈರಿನ ಡಿಶ್ಲಿಯಲ್ಲಿ ರಾಬರ್ಟ್ ಬೇಕ್‌ವೆಲ್ (1725–1795) ಲಾಂಗ್‌ಹಾರ್ನ್ ದನಗಳನ್ನು ಆಯ್ದು, ಹತ್ತಿರದ ರಕ್ತಸಂಬಂಧದಲ್ಲಿಯೇ ಕೂಡಿಸಿ, ತನಗೆ ಬೇಕಾದ ಲಕ್ಷಣಗಳನ್ನು ನೆಲೆಗೊಳಿಸಿದ. ಡರ್ಹಮ್ ಸೀಮೆಯ ಕಾಲಿಂಗ್ ಸೋದರರು ಇದೇ ಕ್ರಮವನ್ನು ಶಾರ್ಟ್‌ಹಾರ್ನ್ ದನಗಳಲ್ಲಿ ಮುಂದುವರಿಸಿದರು. 1810ರ ಹರಾಜಿನಲ್ಲಿ ಅವರ ಕಾಮೆಟ್ ಎಂಬ ಗೂಳಿ 1000 ಗಿನಿಗೆ ಮಾರಾಟವಾಯಿತು. ಅದರ ತಂದೆಯೂ ತಾಯಿಯ ತಂದೆಯೂ ಒಂದೇ ಗೂಳಿ! 1822ರಲ್ಲಿ ಜಾರ್ಜ್ ಕೋಟ್ಸ್ ಶಾರ್ಟ್‌ಹಾರ್ನ್‌ಗಳ ವಂಶಾವಳಿಯನ್ನು ಅಚ್ಚು ಹಾಕಿಸಿದ. ಅಲ್ಲಿಂದ ಮುಂದೆ ಪುಸ್ತಕದಲ್ಲಿ ಹೆಸರಿದ್ದ ದನವೇ ಶುದ್ಧ ದನ. ಆದರೆ ಚಾರ್ಲ್ಸ್ ಕಾಲಿಂಗ್ ತಾನೇ ತನ್ನ ಹಿಂಡಿಗೆ ಗ್ಯಾಲೊವೆ ದನದ ರಕ್ತವನ್ನು ಬೆರೆಸಿದ್ದ. ಆ ಸಂತತಿಗೂ ಹರಾಜಿನಲ್ಲಿ ಒಳ್ಳೆಯ ಬೆಲೆಯೇ ಬಂದಿತು. ಅನಾದಿ ಶುದ್ಧಿಯ ಮಾತಿಗೆ ಇಷ್ಟು ಉತ್ತರ ಸಾಕು.

ಎರಡನೆಯ ವಾದದ ಗತಿಯನ್ನೂ ನೋಡೋಣ. ಹಾಲು ಮಾಂಸ ಎರಡಕ್ಕೂ ಒದಗುವ ಶಾರ್ಟ್‌ಹಾರ್ನ್ ಹಬ್ಬಿದಂತೆ ಬೇಕ್‌ವೆಲ್ಲನ ಲಾಂಗ್‌ಹಾರ್ನ್ ಹಿಂದೆ ಸರಿಯಿತು. ಮುಂದೆ ಡಚ್ ಮೂಲದ ಕಪ್ಪು ಬಿಳುಪಿನ ಹಸು ಹಾಲಿನ ಅಳತೆಯಲ್ಲಿ ಗೆದ್ದು ಶಾರ್ಟ್‌ಹಾರ್ನನ್ನೂ ಮೂಲೆಗೊತ್ತಿತು. ಸಫೊಕ್‌ನ ಹಳೆಯ ಹಸು ಪ್ರತ್ಯೇಕ ತಳಿಯಾಗಿ ಉಳಿಯಲೇ ಇಲ್ಲ. ಕಡುಕಂದು ಮೈಯ, ಬೆನ್ನಿನಿಂದ ಬಾಲದವರೆಗೆ ಬಿಳಿಯ ಪಟ್ಟೆಯುಳ್ಳ ಗ್ಲಾಸ್ಟರ್ ಹಸುವೂ ಅಳಿವಿನ ಅಂಚಿಗೆ ಬಂದಿತ್ತು. 1796ರಲ್ಲಿ ಜೆನ್ನರ್ ಸಿಡುಬಿನ ಲಸಿಕೆಯನ್ನು ಪ್ರಯೋಗಿಸಿದಾಗ ಅದಕ್ಕೆ ಮೂಲವಾದ ಬ್ಲಾಸಮ್ ಎಂಬ ಹಸು ಇದೇ ತಳಿಯದು. ಮನುಕುಲಕ್ಕೆ ಅಷ್ಟು ಉಪಕಾರ ಮಾಡಿದ ತಳಿಯ ಕೊನೆಯ ಗಣನೀಯ ಹಿಂಡು 1972ರಲ್ಲಿ ಹರಾಜಾಯಿತು. ಆಸಕ್ತರು ದನಗಳನ್ನು ಕೊಂಡು, ಮರುವರ್ಷ ತಳಿಯ ಸಂಘವನ್ನು ಪುನರುಜ್ಜೀವನಗೊಳಿಸಿದರು. ಅಪರೂಪದ ತಳಿಗಳ ರಕ್ಷಣೆಗಾಗಿ ಬ್ರಿಟನ್ನಿನಲ್ಲಿ ಟ್ರಸ್ಟ್ ಹುಟ್ಟಿದ್ದೂ 1973ರಲ್ಲೇ.

ಲಾಭದ ಅಳತೆಗೋಲು ಕಾಲಕಾಲಕ್ಕೆ ಬದಲಾಗುತ್ತದೆ. ಒಮ್ಮೆ ಕೊಬ್ಬು ಬೇಕಾಗಿತ್ತು, ಆಮೇಲೆ ಹಾಲು. ಈಗ ಅಲ್ಲಿಯ ಸಂರಕ್ಷಿತ ಹುಲ್ಲುಗಾವಲುಗಳನ್ನು ಮೇಯಿಸಲು, ಒರಟು ಮೇವಿನಲ್ಲಿ ಬದುಕಬಲ್ಲ ಹೈಲೆಂಡ್ ಮತ್ತು ಲಾಂಗ್‌ಹಾರ್ನ್‌ಗಳನ್ನೇ ಹುಡುಕುತ್ತಾರೆ. ಒಂದು ಕಾಲದ ಅಳತೆಗೆ ಒಪ್ಪಿ ಅವನ್ನು ಪೂರ್ತಿ ಕೈಬಿಟ್ಟಿದ್ದರೆ ಇಂದು ತರುವುದೆಲ್ಲಿಂದ?

ನಮ್ಮ ಹಳ್ಳಿಗಳ ಸೀಮೆಹಸುವಿನಲ್ಲಿ ಇಂಗ್ಲಿಷ್ ಕಾಲುವೆಯ ಜೆರ್ಸಿ ದ್ವೀಪದ ರಕ್ತವಿದೆ. ಅದು ಎಷ್ಟೋ ಮನೆಗಳ ಒಲೆ ಉರಿಸಿದೆ. ಅದನ್ನು ಹಳಿಯುವುದು ಕೃತಘ್ನತೆ. ಅಮೃತಮಹಲ್ ಕೂಡ ಆಕಾಶದಿಂದ ಇಳಿದದ್ದಲ್ಲ. ಮೈಸೂರಿನ ಅರಸರು ಮತ್ತು ಹೈದರ್, ಟಿಪ್ಪು ಬೆಳೆಸಿದ ಆ ಹಿಂಡು ಸೈನ್ಯದ ಸಾಮಾನು ಎಳೆಯುತ್ತಿತ್ತು. ಆ ಕೆಲಸ ಹೋದ ಮೇಲೆ ಅದರ ಕಷ್ಟ ಮೊದಲಾಯಿತು. ಊರು ಬಿಟ್ಟು ದೂರದ ನಗರಗಳಲ್ಲಿ ಕುಳಿತ ನಮ್ಮಂಥವರಿಗೆ ನಾಡಹಸುವನ್ನು ಹಾಡಿ ಹೊಗಳುವುದು ಸುಲಭ, ಮೇವಿನ ಖರ್ಚು ಮಾತ್ರ ರೈತನದು. ಗ್ಲಾಸ್ಟರ್ ಉಳಿದದ್ದು ಕೆಲವರು ಹಣ ಕೊಟ್ಟು ದನ ಕೊಂಡು ಸಾಕಿದ್ದರಿಂದ, ಲೆಕ್ಕ ಇಟ್ಟದ್ದರಿಂದ, ಅದರ ಹಾಲಿನ ಗಿಣ್ಣಿಗೆ ಗಿರಾಕಿಗಳು ಸಿಕ್ಕಿದ್ದರಿಂದ. ನಮ್ಮ ಅಭಿಮಾನವೂ ಅಷ್ಟರಮಟ್ಟಿಗೆ ಕೈಯಿಂದ ಖರ್ಚು ಮಾಡಲು ಸಿದ್ಧವಾದರೆ ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡಗಳ ಕೊಟ್ಟಿಗೆ ತುಂಬಿರುತ್ತದೆ.