ಮಿತವಾಗಿ ಉಂಡರೂ ಏರುವ ತೂಕ
ಸುಮ್ಮನೆ ಮಲಗಿದ್ದಾಗಲೂ ಉಸಿರಾಟ, ಹೃದಯ, ಮಿದುಳು, ಯಕೃತ್ತುಗಳಿಗೆ ಶಕ್ತಿ ಬೇಕು. ಬಹುತೇಕರಲ್ಲಿ ದಿನದ ಒಟ್ಟು ಶಕ್ತಿವೆಚ್ಚದ ಸುಮಾರು ಶೇ. 60ರಿಂದ 70ರಷ್ಟು ಇದಕ್ಕೇ ಹೋಗುತ್ತದೆ. ಉಂಡದ್ದನ್ನು ಅರಗಿಸಲು ಶೇ. 10ರಷ್ಟು, ಉಳಿದದ್ದು ಓಡಾಟ, ದುಡಿಮೆಗೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಹೊಲಗಳಲ್ಲಿ ದಿನವಿಡೀ ಕಳೆ ತೆಗೆಯುವವರ ಮೈಗೆ ಹತ್ತದ ಜೋಳದ ರೊಟ್ಟಿ, ಅದೇ ಊರಿನ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಕೂತವರಲ್ಲಿ ಕೊಬ್ಬಾಗಿ ಉಳಿಯಬಹುದು. ದೇಹ ಶಕ್ತಿ ಬಳಸುವ ಕ್ರಿಯೆಯಾದ ಚಯಾಪಚಯ ನಡುವಯಸ್ಸಿನಲ್ಲೇ ನಿಧಾನವಾಗುತ್ತದೆಂಬ ನಂಬಿಕೆಗೆ ಆಧಾರ ಸಾಲದು: 6,400ಕ್ಕೂ ಹೆಚ್ಚು ಜನರ ಮಾಹಿತಿಯಿದ್ದ, 2021ರಲ್ಲಿ ‘ಸೈನ್ಸ್’ ಪತ್ರಿಕೆ ಪ್ರಕಟಿಸಿದ ಅಧ್ಯಯನದಲ್ಲಿ, ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದಾಗ, 20ರಿಂದ 60ರವರೆಗೆ ಅದರ ವೇಗ ಹೆಚ್ಚುಕಡಿಮೆ ಸ್ಥಿರವಾಗಿತ್ತು. ನಡುವಯಸ್ಸಿನಲ್ಲಿ ಕರಗುವುದು ಸ್ನಾಯು, ತಗ್ಗುವುದು ಓಡಾಟ. ಉಪವಾಸ ಬಿದ್ದು ತೂಕ ಇಳಿಸಿದರೆ ದೇಹವೂ ವೆಚ್ಚವನ್ನು ಬಿಗಿಹಿಡಿಯುತ್ತದೆ, ಇಳಿದ ತೂಕ ಮರಳುವುದಕ್ಕೆ ಇದೂ ಒಂದು ಕಾರಣ. ಥೈರಾಯ್ಡ್ ಗ್ರಂಥಿ ಮಂದವಾದಾಗ, ಹೆಂಗಸರಲ್ಲಿ ಇದು ಹೆಚ್ಚು, ಕೆಲವು ಕಿಲೋ ಏರುವುದುಂಟು. ಅದರಲ್ಲಿ ಬಹುಪಾಲು ಮೈಯಲ್ಲಿ ನಿಂತ ಉಪ್ಪು, ನೀರು. ಆಯಾಸ, ಚಳಿ ತಡೆಯದಿರುವಿಕೆ, ಒಣಚರ್ಮ, ಮಲಬದ್ಧತೆಯೂ ಜೊತೆಗಿರುವ ಹೆಂಗಸನ್ನು ತಿನ್ನುಬಾಕಳೆಂದು ಆಡಿಕೊಳ್ಳುವುದು ಅನ್ಯಾಯ; ಟಿಎಸ್‌ಎಚ್ ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕೊರತೆ ಗೊತ್ತಾಗುತ್ತದೆ, ದಿನಕ್ಕೊಂದು ಮಾತ್ರೆಯಿಂದ ಹತೋಟಿಗೂ ಬರುತ್ತದೆ.